ಮುಪ್ಪಿನಲ್ಲಿ ಹೊಲವನ್ನು ಬಿಡುವದು



ದೇವರ ಕೆಲಸಕ್ಕಾಗಿ ಸ್ವದೇಶವನ್ನು ಬಿಟ್ಟು ಹೊರಟವರ ವೃತ್ತಾಂತಗಳನ್ನು ನಾವು ಬಾಲ್ಯದಿಂದ ಕೇಳುತ್ತಾ ಬಂದಿದ್ದೇವೆ. ಅಬ್ರಹಾಮನು ಬಂಧುಬಳಗವನ್ನೂ ತಂದೆಯ ಮನೆಯನ್ನೂ ಬಿಟ್ಟು, ತಾನು ಸೇರುವ ಸ್ಥಳ ಯಾವದೆಂದು ತಿಳಿಯದೆ ಹೊರಟದ್ದನ್ನು ಸಂಡೇ ಸ್ಕೂಲಿನ ಚಿಕ್ಕ ಮಕ್ಕಳು ಸಹ ಹೇಳಬಲ್ಲರು. ಆದರೆ ಹೀಗೆ ಹೊರಟವರು ಮುದುಕರಾದ ಮೇಲೆ ಏನು ಮಾಡತಕ್ಕದ್ದೆಂಬದನ್ನು ನಾವು ಅಷ್ಟಾಗಿ ವಿಚಾರಿಸುವದಿಲ್ಲ. ಯಾವ ಜನರ ನಡುವೆ ತಮ್ಮ ಯೌವನವನ್ನೆಲ್ಲಾ ಸವೆಸಿದರೋ ಆ ಜನರ ನಡುವೆಯೇ ಅವರು ಕಣ್ಣು ಮುಚ್ಚಬೇಕೋ? ಇಲ್ಲವೆ, ಕೆಲಸವನ್ನು ಬೇರೆಯವರ ಕೈಗೆ ಒಪ್ಪಿಸಿ ಹೊರಟುಹೋಗಬೇಕೋ? ಹೋಗುವದಕ್ಕೆ ದೈವಕರೆ ಇದ್ದ ಹಾಗೆ ಬಿಡುವದಕ್ಕೂ ಒಂದು ಕರೆ ಉಂಟೋ? ಈ ಪ್ರಶ್ನೆಯು ದೂರದೇಶಕ್ಕೆ ಹೋದ ಮಿಶನೆರಿಗಳಿಗೆ ಮಾತ್ರ ಸೇರಿದ್ದೆಂದು ಎಣಿಸಬೇಡಿರಿ. ಮುದಿ ತಂದೆಯೂ ಪ್ರಾಯದ ಮಗನೂ ಒಂದೇ ಹೊಲವನ್ನು ಉಳುವ ಪ್ರತಿಯೊಂದು ಮನೆಯಲ್ಲಿಯೂ, ನರೆತ ಹಿರಿಯನೊಬ್ಬನಿರುವ ಪ್ರತಿಯೊಂದು ಸಭೆಯಲ್ಲಿಯೂ ಈ ಪ್ರಶ್ನೆ ಇದೆ.

ಇದರ ವಿಷಯವಾಗಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳನ್ನು ಕೇಳುತ್ತೇವೆ. ಕೆಲವರು, ನೇಗಿಲಿನ ಮೇಲೆ ಕೈ ಇಟ್ಟವನು ಹಿಂದಕ್ಕೆ ತಿರುಗತಕ್ಕದ್ದಲ್ಲ, ದೇವರ ಸೇವಕನು ಬೀಳುವ ತನಕ ನಿಂತೇ ಇರಬೇಕು, ಅನ್ನುತ್ತಾರೆ. ಬೇರೆ ಕೆಲವರು, ಮುದಿ ಎತ್ತಿನ ಕೊರಳಿಗೆ ನೊಗ ಕಟ್ಟುವದು ಪಾಪ, ಶಕ್ತಿ ಕುಂದಿದವನು ಮೂಲೆ ಸೇರಲಿ, ಪ್ರಾಯದವರಿಗೆ ದಾರಿ ಬಿಡಲಿ, ಅನ್ನುತ್ತಾರೆ. ಮೊದಲನೆಯವರ ಮಾತಿನಲ್ಲಿ ಭಕ್ತಿಯ ಧ್ವನಿ ಇದೆ. ಎರಡನೆಯವರ ಮಾತಿನಲ್ಲಿ ಕರುಣೆಯ ಧ್ವನಿ ಇದೆ. ಆದರೆ ಎರಡು ಪಕ್ಷದವರೂ ಮನುಷ್ಯನನ್ನು ಅವನ ಕೈಕೆಲಸದಿಂದಲೇ ಅಳೆಯುತ್ತಾರೆ. ಕೆಲಸ ನಡೆದರೆ ಬೆಲೆ, ನಿಂತರೆ ಬೆಲೆಯಿಲ್ಲ ಎಂಬ ತಕ್ಕಡಿ ಇಬ್ಬರ ಕೈಯಲ್ಲಿಯೂ ಒಂದೇ. ಈ ತಕ್ಕಡಿ ಸರಿಯೋ ಎಂದು ಬರೀ ಮಾತಿನಿಂದ ವಿಚಾರಿಸಿದರೆ ಪ್ರಯೋಜನವಾಗದು. ಆದಕಾರಣ ಐವತ್ತು ವರುಷ ಪರದೇಶದಲ್ಲಿ ಸೇವೆ ಮಾಡಿ ಮುಪ್ಪಿನಲ್ಲಿ ಅದನ್ನು ಬಿಟ್ಟುಬಂದ ಒಬ್ಬ ಗಂಡಹೆಂಡರ ಜೀವಿತವನ್ನು ವಾಚಕರ ಮುಂದೆ ಇಡುತ್ತೇವೆ.

ಆಫ್ರಿಕಾ ಖಂಡದ ದಕ್ಷಿಣದಲ್ಲಿ ಕುರುಮಾನ್ ಎಂಬ ಊರುಂಟು. ಸುತ್ತಲಿನ ಸೀಮೆಯು ಮಳೆ ಕಡಿಮೆಯಾದ ಒಣಭೂಮಿ. ಆದರೆ ಆ ಊರಲ್ಲಿ ಬಂಡೆಯೊಳಗಿಂದ ಒಂದು ದೊಡ್ಡ ಒರತೆ ಹೊರಡುತ್ತದೆ. ಅಲ್ಲಿಯವರು ಅದನ್ನು ಕುರುಮಾನಿನ ಕಣ್ಣು ಅನ್ನುತ್ತಾರೆ. ದಿನವೊಂದಕ್ಕೆ ಸುಮಾರು 2 ಕೋಟಿ ಲೀಟರ್ ನೀರು ಅದರಿಂದ ಇಂದಿಗೂ ಹರಿಯುತ್ತದೆ. ಆ ನೀರಿನ ಬಳಿಯಲ್ಲಿ 1824ರಲ್ಲಿ ತಮ್ಮ ಠಾಣೆಯನ್ನು ಸ್ಥಾಪಿಸಿಕೊಂಡವರು ರಾಬರ್ಟ್ ಮೊಫಾಟ್ ಅಯ್ಯನವರು ಮತ್ತು ಅವರ ಪತ್ನಿಯಾದ ಮೇರಿ ಅಮ್ಮನವರು. ಅವರನ್ನು ಕಳುಹಿಸಿದ್ದು ಲಂಡನ್ ಮಿಶನ್ ಸಂಘ. 1810ರಲ್ಲಿ ಜಾನ್ ಹ್ಯಾಂಡ್ಸ್ ಅಯ್ಯನವರನ್ನು ನಮ್ಮ ಬಳ್ಳಾರಿಗೆ ಕಳುಹಿಸಿ, ಕನ್ನಡದಲ್ಲಿ ಸತ್ಯವೇದವು ಉಂಟಾಗುವದಕ್ಕೆ ಕಾರಣವಾದದ್ದೂ ಇದೇ ಸಂಘವೇ. ಆದಕಾರಣ ಕುರುಮಾನಿನ ಸಭೆಯವರೂ ನಾವೂ ಒಬ್ಬರನ್ನೊಬ್ಬರು ಕಾಣದಿದ್ದರೂ ಒಂದೇ ಕಣಜದ ಬೀಜದಿಂದ ಬಂದ ಬೆಳೆಗಳು.

ಮೊಫಾಟರು 1795ರಲ್ಲಿ ಸ್ಕಾಟ್ಲೆಂಡಿನ ಬಡ ಕುಟುಂಬದಲ್ಲಿ ಹುಟ್ಟಿ, ತೋಟಗಾರಿಕೆಯ ಕಸಬನ್ನು ಕಲಿತವರು. ಇಂಗ್ಲೆಂಡಿನಲ್ಲಿ ಸಸಿಗಳನ್ನು ಬೆಳೆಸಿ ಮಾರುವ ಒಬ್ಬ ಯಜಮಾನನ ತೋಟದಲ್ಲಿ ಕೆಲಸಕ್ಕಿದ್ದಾಗ ಆ ಯಜಮಾನನ ಮಗಳಾದ ಮೇರಿಯ ಪರಿಚಯವಾಯಿತು. ಅವರು 1816ರಲ್ಲಿ ಹಡಗು ಹತ್ತಿದಾಗ ಮೇರಿ ಜತೆಯಲ್ಲಿ ಹೋಗಲಾಗಲಿಲ್ಲ. ಅವಳು ತಂದೆತಾಯಿಗಳಿಗೆ ಒಬ್ಬಳೇ ಮಗಳು. ಆಫ್ರಿಕಾಕ್ಕೆ ಹೋದವರು ಮರಳಿ ಬರುವ ನೆಚ್ಚಿಕೆ ಇರಲಿಲ್ಲ. ಎರಡು ವರುಷಕ್ಕಿಂತ ಹೆಚ್ಚು ಕಾಲ ಅವರು ಒಪ್ಪಲಿಲ್ಲ, ಕಡೆಗೆ ಒಪ್ಪಿದರು. 1819ನೇ ಡಿಸೆಂಬರಿನಲ್ಲಿ ಕೇಪ್ ಟೌನಿನಲ್ಲಿ ಮದುವೆಯಾಯಿತು. ಸೇವಕರ ವೃತ್ತಾಂತವನ್ನು ಬರೆಯುವವರು ಹೊರಟವರನ್ನು ಹೊಗಳುತ್ತಾರೆ. ಕಳುಹಿಸಿಕೊಟ್ಟು ಬಾಗಿಲಲ್ಲಿ ನಿಂತವರನ್ನು ಮರೆಯುತ್ತಾರೆ. ಆದರೆ ಆ ಮುದಿ ತಂದೆತಾಯಿಗಳು ಕೈಬಿಟ್ಟದ್ದು ಮಗಳು ಕೈಗೆತ್ತಿಕೊಂಡದ್ದಕ್ಕಿಂತ ಹಗುರವಾಗಿತ್ತೆಂದು ಯಾರು ಹೇಳಬಲ್ಲರು? ಬಿಟ್ಟುಕೊಡುವದೂ ಸೇವೆಯೆಂಬದನ್ನು ಮೇರಿ ಅಮ್ಮನವರು ಅಂದೇ ಕಂಡರು. ಅದನ್ನು ತಾವೇ ಮಾಡುವ ಹೊತ್ತು ಐವತ್ತು ವರುಷಗಳ ಮೇಲೆ ಬಂತು.

ಮೊದಲಿನ ವರುಷಗಳು ಬರಡಾಗಿದ್ದವು. ಮೊಫಾಟರು ತೋಟಗಾರರಾದದರಿಂದ ಕಾಲುವೆ ತೋಡಿ ನೀರು ತಂದರು, ಹಣ್ಣಿನ ಗಿಡ ನೆಟ್ಟರು, ಕಮ್ಮಾರಿಕೆ ಬಡಗಿತನಗಳನ್ನು ತಾವೇ ಮಾಡಿದರು. ಮೇರಿ ಅಮ್ಮನವರು ಹೆಂಗಸರಿಗೆ ಹೊಲಿಗೆ ಕಲಿಸಿದರು. ಗಿಡಗಳು ಚಿಗುರಿದವು, ಮನಸ್ಸುಗಳು ಚಿಗುರಲಿಲ್ಲ. ತ್ಸ್ವಾನ ಜನರು ಇವರ ಮಾತನ್ನು ಕೇಳಿ ನಕ್ಕು ಹೋಗುತ್ತಿದ್ದರು. ಆ ಕಾಲದಲ್ಲಿ ಇಂಗ್ಲೆಂಡಿನ ಸ್ನೇಹಿತಳೊಬ್ಬಳು, ನಿಮಗೆ ಏನು ಕಳುಹಿಸಲಿ ಎಂದು ಕಾಗದ ಬರೆದಾಗ, ಮೇರಿ ಅಮ್ಮನವರು ಕರ್ತನ ಭೋಜನದ ಪಾತ್ರೆಗಳನ್ನು ಕಳುಹಿಸೆಂದು ಉತ್ತರ ಬರೆದರು. ಭೋಜನಕ್ಕೆ ಕುಳಿತುಕೊಳ್ಳತಕ್ಕ ಒಬ್ಬ ವಿಶ್ವಾಸಿಯೂ ಅಲ್ಲಿ ಇನ್ನೂ ಇರಲಿಲ್ಲ. 1829ರಲ್ಲಿ ಜನರ ಮನಸ್ಸು ತಿರುಗಿ, ಮೊದಲನೆಯ ದೀಕ್ಷಾಸ್ನಾನಗಳಾಗಿ, ಮೊದಲನೆಯ ಭೋಜನವು ನಡೆಯುವ ಸಮಯಕ್ಕೆ ಸರಿಯಾಗಿ ಆ ಪಾತ್ರೆಗಳ ಪೆಟ್ಟಿಗೆಯು ಬಂದು ಮುಟ್ಟಿತು. ಊಟಕ್ಕೆ ಜನ ಬರುವ ಮೊದಲೇ ಎಲೆ ಹಾಕಿ ಕಾದವಳ ನಂಬಿಕೆ ಅದು.

ಆ ಮೇಲೆ ಕೆಲಸವು ಬೆಳೆಯಿತು. ಮೊಫಾಟರು ಬರಹವಿಲ್ಲದಿದ್ದ ಸೆತ್ಸ್ವಾನ ಭಾಷೆಯನ್ನು ಜನರ ಬಾಯಿಂದಲೇ ಕಲಿತು, 1830ರಲ್ಲಿ ಲೂಕನ ಸುವಾರ್ತೆಯನ್ನು ಅಚ್ಚುಹಾಕಿಸಿದರು. ಅಚ್ಚಿನ ಕೆಲಸವನ್ನು ಕೇಪ್ ಟೌನಿನಲ್ಲಿ ಸ್ವತಃ ಕಲಿತು, ಒಂದು ಅಚ್ಚುಯಂತ್ರವನ್ನು ಎತ್ತಿನ ಗಾಡಿಯ ಮೇಲೆ ಕುರುಮಾನಿಗೆ ತಂದರು. 1838ರಲ್ಲಿ ಕಲ್ಲಿನ ದೇವಾಲಯವು ತೆರೆಯಲ್ಪಟ್ಟಿತು. 1840ರಲ್ಲಿ ಹೊಸ ಒಡಂಬಡಿಕೆ, 1857ರಲ್ಲಿ ಹಳೇ ಒಡಂಬಡಿಕೆ ಸಹ ಮುಗಿದು, ತ್ಸ್ವಾನ ಜನರ ಕೈಗೆ ಅವರ ಮನೆಮಾತಿನಲ್ಲಿಯೇ ಪೂರ್ಣ ಸತ್ಯವೇದವು ಬಂತು. ಗಂಡನು ಬರವಣಿಗೆಯಲ್ಲಿಯೂ ದೂರದ ಪ್ರಯಾಣಗಳಲ್ಲಿಯೂ ಇದ್ದಾಗ ಮನೆ, ಮಕ್ಕಳು, ಅತಿಥಿಗಳು, ಠಾಣೆಯ ಚಿಂತೆ ಎಲ್ಲವನ್ನೂ ಹೆಂಡತಿಯೇ ಹೊತ್ತಳು. ಪುಸ್ತಕದ ಮೇಲೆ ಒಬ್ಬರ ಹೆಸರು ಬಿತ್ತು. ಬೆನ್ನಿನ ಮೇಲೆ ಭಾರ ಇಬ್ಬರದು.

ಅವರು ಕುಂದಿಲ್ಲದವರಾಗಿದ್ದರೆಂದು ನಾವು ಹೇಳುವದಿಲ್ಲ. ತ್ಸ್ವಾನ ಜನರ ಪದ್ಧತಿಗಳನ್ನು ಮೊಫಾಟರು ಅನೇಕ ಸಾರಿ ಬಹು ಕಠಿನವಾಗಿ ತೀರ್ಪುಮಾಡಿದರು. ಆ ಜನರ ಪೂರ್ವಿಕರಲ್ಲಿ ದೇವರ ವಿಷಯವಾದ ಅರಿವೇ ಇರಲಿಲ್ಲವೆಂದು ಬರೆದರು. ನಂತರದವರು ಅದನ್ನು ಒಪ್ಪಲಿಲ್ಲ. ಅಲ್ಲದೆ ಅವರ ಸೇವೆಗೆ ಬೆಲೆ ಕೊಟ್ಟವರು ಅವರು ಮಾತ್ರವಲ್ಲ. ಹತ್ತು ಮಂದಿ ಮಕ್ಕಳು ಹುಟ್ಟಿದರು. ಎಲ್ಲರೂ ಪ್ರಾಯಕ್ಕೆ ಬರಲಿಲ್ಲ. ಹಿರಿಯ ಮಗಳಾದ ಮೇರಿಯು 1845ರಲ್ಲಿ ಪ್ರಸಿದ್ಧರಾದ ಡೇವಿಡ್ ಲಿವಿಂಗ್‌ಸ್ಟನ್ ಅಯ್ಯನವರನ್ನು ಮದುವೆಯಾಗಿ, ಬಹು ಕಷ್ಟಗಳನ್ನು ಅನುಭವಿಸಿ, 1862ನೇ ಏಪ್ರಿಲಿನಲ್ಲಿ ಜಾಂಬೆಜಿ ನದಿಯ ದಡದ ಶುಪಾಂಗದಲ್ಲಿ ಜ್ವರದಿಂದ ತೀರಿಕೊಂಡಳು. ಆಗ ಅವಳಿಗೆ 41 ವರುಷ. ತಂದೆತಾಯಿಗಳು ಅವಳ ಸಮಾಧಿಯ ಬಳಿ ನಿಲ್ಲಲಾಗಲಿಲ್ಲ. ಇಂಥಾ ಮುದಿ ದಂಪತಿಗಳನ್ನು ಚಿತ್ರಪಟದಂತೆ ಗೋಡೆಗೆ ತೂಗಹಾಕಿ ನೋಡುವದು ತಕ್ಕದ್ದಲ್ಲ. ಅವರು ನಮ್ಮಂತೆ ಅತ್ತವರು, ನಮ್ಮಂತೆ ತಪ್ಪಿದವರು.

1865ರಿಂದ ಮಗನಾದ ಜಾನ್ ಮೊಫಾಟರು ಕುರುಮಾನಿಗೆ ಬಂದು ತಂದೆಗೆ ಸಹಾಯಕರಾದರು. ಮುದುಕರ ಬಲವು ಕುಂದುತ್ತಾ ಬಂತು. ಸಂಘದ ಹಿರಿಯರು, ಇನ್ನು ಸ್ವದೇಶಕ್ಕೆ ಬನ್ನಿರಿ ಎಂದು ಕರೆದರು. ಎಲ್ಲಿ ಸ್ವದೇಶ? ಅವರ ಬಾಯಿಗೆ ತ್ಸ್ವಾನ ಮಾತೇ ಸಹಜವಾಗಿತ್ತು. ನೆಟ್ಟ ಮರಗಳು ಇಲ್ಲಿದ್ದವು. ಮಕ್ಕಳ ಗೋರಿ ಇಲ್ಲಿತ್ತು. ಆದರೂ 1870ನೇ ಮಾರ್ಚಿನಲ್ಲಿ ಮೊಫಾಟರು ಕುರುಮಾನಿನ ದೇವಾಲಯದಲ್ಲಿ ಕಡೇ ಪ್ರಸಂಗವನ್ನು ಮಾಡಿ, ಎಪ್ಪತ್ತೈದನ್ನು ಸಮೀಪಿಸಿದ್ದ ಗಂಡಹೆಂಡರಿಬ್ಬರೂ ಗಾಡಿ ಹತ್ತಿದರು. ಜನರು ಕೈ ಹಿಡಿಯುವದಕ್ಕೆ ಗಾಡಿಯ ಸುತ್ತಲೂ ಮುತ್ತಿಕೊಂಡು, ಅಳುತ್ತಾ ಅದರ ಹಿಂದೆ ನಡೆದರು. ಆ ವರುಷದ ಜುಲೈ ತಿಂಗಳಲ್ಲಿ ಇಬ್ಬರೂ ಇಂಗ್ಲೆಂಡಿಗೆ ಮುಟ್ಟಿದರು. ಆರು ತಿಂಗಳಾಗುವದರೊಳಗೆ, 1871ನೇ ಜನವರಿಯಲ್ಲಿ, ಲಂಡನ್ ಪಟ್ಟಣದ ಬ್ರಿಕ್ಸ್‌ಟನಿನಲ್ಲಿ, ಮೇರಿ ಅಮ್ಮನವರು ನಿದ್ರೆಹೋದರು. ಐವತ್ತಮೂರು ವರುಷ ತನಗಾಗಿ ಪ್ರಾರ್ಥಿಸುವವಳೊಬ್ಬಳಿದ್ದಳೆಂದು ಮುದುಕನು ದುಃಖದಿಂದ ಹೇಳಿದನೆಂದು ಬರೆದಿದ್ದಾರೆ. ಅವರು ಮತ್ತೆ ಹನ್ನೆರಡು ವರುಷ ಬದುಕಿ, ಊರೂರಿನ ಕೂಟಗಳಲ್ಲಿ ಆಫ್ರಿಕಾದ ಸಭೆಗಳಿಗಾಗಿ ಮಾತಾಡುತ್ತಾ, 1883ನೇ ಆಗಸ್ಟಿನಲ್ಲಿ ತಮ್ಮ ಓಟವನ್ನು ಮುಗಿಸಿದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ಮುದುಕಿಯನ್ನು ಅವಳ ಕಡೇ ವರುಷದಲ್ಲಿ ಸಾವಿರಾರು ಮೈಲಿ ಸಾಗಿಸಿದ್ದು ನ್ಯಾಯವೋ? ಹತ್ತು ತಿಂಗಳು ತಡೆದಿದ್ದರೆ ಕುರುಮಾನಿನ ಮಣ್ಣಿನಲ್ಲಿ, ತನ್ನ ಮಕ್ಕಳ ಬಳಿಯಲ್ಲಿ ಮಲಗುತ್ತಿದ್ದಳಲ್ಲವೇ? ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಲಾರೆವು. ಬಂಗಾಳಕ್ಕೆ 1793ರಲ್ಲಿ ಬಂದ ವಿಲಿಯಂ ಕೇರಿ ಅಯ್ಯನವರು ಒಂದು ಸಾರಿಯೂ ಸ್ವದೇಶಕ್ಕೆ ತಿರುಗದೆ 1834ರಲ್ಲಿ ಸಿರಾಂಪುರದಲ್ಲಿಯೇ ತೀರಿಕೊಂಡರು. ಅವರು ತಪ್ಪುಮಾಡಿದರೆಂದು ಯಾರೂ ಹೇಳುವದಿಲ್ಲ. ಹಾಗಾದರೆ ಒಬ್ಬರು ಉಳಿದದ್ದು ಸರಿ, ಇನ್ನೊಬ್ಬರು ಹೋದದ್ದೂ ಸರಿ ಎಂಬದು ಹೇಗೆ? ಉಳಿಯುವದರಲ್ಲಿಯಾಗಲಿ ಹೋಗುವದರಲ್ಲಿಯಾಗಲಿ ನೀತಿ ಅಡಗಿಲ್ಲವೆಂದು ನಮಗೆ ತೋರುತ್ತದೆ. ಈ ಕೆಲಸವು ಯಾರದೆಂದು ಸೇವಕನು ತಿಳಿದಿದ್ದಾನೋ, ಅದರಲ್ಲಿಯೇ ನೀತಿ ಇದೆ. ತನ್ನದೆಂದು ತಿಳಿದವನು ಉಳಿದರೂ ಯಜಮಾನನಾಗಿ ಉಳಿಯುತ್ತಾನೆ, ಹೋದರೂ ಸೊತ್ತು ಕಳಕೊಂಡವನಂತೆ ಹೋಗುತ್ತಾನೆ. ದೇವರದೆಂದು ತಿಳಿದವನು ಉಳಿದರೆ ಒಕ್ಕಲಿನವನಾಗಿ ಉಳಿಯುತ್ತಾನೆ, ಹೋದರೆ ಲೆಕ್ಕ ಒಪ್ಪಿಸಿದವನಾಗಿ ಹೋಗುತ್ತಾನೆ.

ಹೇಗಂದರೆ, ಸಸಿಮಡಿಯಲ್ಲಿ ಪೈರು ಬೆಳೆಸಿದವನು ಅದನ್ನು ಕಿತ್ತು ಗದ್ದೆಗೆ ಕೊಡದೆ, ನಾನು ಬೆಳೆಸಿದ ಪೈರು ನನ್ನ ಮಡಿಯಲ್ಲಿಯೇ ಇರಲಿ ಎಂದರೆ ಏನಾಗುವದು? ಮೊದಲು ಹಸುರಾಗಿ ಕಾಣುವದು. ಆ ಮೇಲೆ ಒತ್ತೊತ್ತಾಗಿ ಹಳದಿಯಾಗಿ ಕೆಟ್ಟುಹೋಗುವದು. ಕುರುಮಾನಿನ ಸಭೆಯು ನಾಲ್ವತ್ತು ವರುಷ ಒಬ್ಬನೇ ಅಯ್ಯನ ನೆರಳಿನಲ್ಲಿ ಬೆಳೆದಿತ್ತು. ನೆರಳು ಒಳ್ಳೆಯದೇ, ಆದರೆ ದೊಡ್ಡ ಮರದ ಕೆಳಗೆ ಬೇರೆ ಮರ ಏಳುವದಿಲ್ಲ. ಮೊಫಾಟರು ಹೋದ ಮೇಲೆ, 1870ರ ದಶಕದಲ್ಲಿಯೇ, ತ್ಸ್ವಾನ ಉಪದೇಶಿಗಳನ್ನು ತರಬೇತು ಮಾಡುವದಕ್ಕಾಗಿ ಅವರ ಹೆಸರಿನಲ್ಲಿ ಒಂದು ಶಾಲೆಯು ಕುರುಮಾನಿನಲ್ಲಿ ನಡೆಯತೊಡಗಿತು. ಸುವಾರ್ತೆಯನ್ನು ದೂರದೂರದ ಹಳ್ಳಿಗಳಿಗೆ ಹೊತ್ತವರು ಆ ನೆಲದ ಮಕ್ಕಳೇ. ತೋಟಗಾರನು ಕೈ ತೆಗೆದ ಮೇಲೆ ನೀರು ನಿಲ್ಲಲಿಲ್ಲ. ಯಾಕಂದರೆ ಕಾಲುವೆಯನ್ನು ಅವನು ತೋಡಿದ್ದನು, ಕಣ್ಣನ್ನು ಅವನು ಮಾಡಿರಲಿಲ್ಲ.

ಇಲ್ಲಿ ಗಿಲ್ಯಾದಿನ ಬರ್ಜಿಲ್ಲೈ ಎಂಬ ಮುದುಕನನ್ನು ನೆನಪಿಗೆ ತಂದುಕೊಳ್ಳೋಣ. ಅವನು ದಾವೀದನ ಕಷ್ಟಕಾಲದಲ್ಲಿ ಅವನಿಗೂ ಅವನ ಜನರಿಗೂ ಆಹಾರ ಒದಗಿಸಿದನು. ಅರಸನು ಹಿಂತಿರುಗುವಾಗ, ನನ್ನ ಸಂಗಡ ಯೆರೂಸಲೇಮಿಗೆ ಬಾ ಎಂದು ಕರೆಯಲು, ಎಂಭತ್ತು ವರುಷದ ಆ ಮುದುಕನು ತಾನು ಅರಸನಿಗೆ ಭಾರವಾಗಲೊಲ್ಲೆನೆಂದು ಹೇಳಿ, ಯೋರ್ದನಿನ ತನಕ ಕಳುಹಿಸಿಕೊಟ್ಟು, ಕಿಮ್ಹಾಮನೆಂಬ ಪ್ರಾಯದವನನ್ನು ಮುಂದೆ ಮಾಡಿದನು. ಅವನು ಹಿಂದೆ ನಿಂತದ್ದರಿಂದ ಸೇವೆ ಮುಗಿಯಲಿಲ್ಲ. ಕಿಮ್ಹಾಮನ ಕಾಲುಗಳಿಂದ ಅದು ಹೊಳೆ ದಾಟಿತು. ಮೋಶೆಯು ಸಹ ಬೆಟ್ಟದ ಮೇಲಿಂದ ದೇಶವನ್ನು ನೋಡಿ ಯೆಹೋಶುವನಿಗೆ ಜನರನ್ನು ಒಪ್ಪಿಸಿದನಲ್ಲವೇ? ಉಳಿದವನೂ ಹೋದವನೂ ಅಲ್ಲ, ಒಪ್ಪಿಸಿದವನೇ ಮುಗಿಸಿದವನು.

ಇನ್ನೊಂದು ಮಾತು ಉಂಟು. ಇದು ಮೊದಲನೆಯದಕ್ಕಿಂತ ಕಹಿಯಾದದ್ದು. ಪ್ರಾಯದಲ್ಲಿ ತನಗೆ ಇಷ್ಟಬಂದಲ್ಲಿಗೆ ನಡೆದವನನ್ನು ಮುಪ್ಪಿನಲ್ಲಿ ಬೇರೊಬ್ಬನು ನಡುಕಟ್ಟಿ ಇಷ್ಟವಿಲ್ಲದ ಕಡೆಗೆ ಒಯ್ಯುವನೆಂದು ಕರ್ತನು ಪೇತ್ರನಿಗೆ ಮುಂಚಿತವಾಗಿಯೇ ತಿಳಿಸಿದನು. ಅದು ಪೇತ್ರನ ಮರಣವನ್ನು ಸೂಚಿಸಿದ್ದು ನಿಜ. ಆದರೂ ಮುದುಕರೆಲ್ಲರೂ ಆ ಮಾತಿನಲ್ಲಿ ತಮ್ಮ ಪಾಲನ್ನು ಕಾಣಬಲ್ಲರು. ಹೋಗೆಂದಾಗ ಹೋಗುವದು ವಿಧೇಯತೆ. ಒಯ್ಯಲ್ಪಡುವದನ್ನು ಸಹಿಸುವದು ಅದಕ್ಕಿಂತ ದೊಡ್ಡ ವಿಧೇಯತೆ. ಪ್ರಾಯದವರು ದೇವರಿಗೆ ತಮ್ಮ ಬಲವನ್ನು ಕೊಡುತ್ತಾರೆ; ಮುದುಕರು ತಮ್ಮ ಬಲಹೀನತೆಯನ್ನೇ ಕೊಡಬೇಕಾಗಿದೆ. ಬಲವನ್ನು ಕೊಡುವದಕ್ಕೆ ಹೊಗಳಿಕೆಯು ಸಹಾಯಮಾಡುತ್ತದೆ. ಬಲಹೀನತೆಯನ್ನು ಕೊಡುವದಕ್ಕೆ ಯಾವ ಸಹಾಯವೂ ಇಲ್ಲ. ಗಾಡಿಯಲ್ಲಿ ಕುಳಿತ ಆ ಗಂಡಹೆಂಡರಿಗೆ ಒಬ್ಬರಿಗೊಬ್ಬರು ಇದ್ದರು. ಹನ್ನೆರಡು ವರುಷ ಒಂಟಿಯಾಗಿ ಉಳಿದ ಗಂಡನಿಗೆ ಅದೂ ಇರಲಿಲ್ಲ. ಮಕ್ಕಳಿದ್ದರು, ಸ್ನೇಹಿತರಿದ್ದರು, ಆದರೆ ಐವತ್ತು ವರುಷಗಳ ನೆನಪನ್ನು ಅರ್ಧ ಮಾತಿನಲ್ಲಿ ತಿಳಿಯುವವಳು ಹೋಗಿದ್ದಳು. ಆದರೂ ಅವರು ದೂರುತ್ತಾ ಕುಳಿತುಕೊಳ್ಳದೆ, ಇದ್ದ ನಾಲಿಗೆಯಿಂದ ಬಿಟ್ಟುಬಂದ ಜನರಿಗಾಗಿ ಮಾತಾಡಿದರು.

ನಾವು ನಾಲ್ವತ್ತರ ಸುಮಾರಿನ ಪ್ರಾಯದವರು. ಮುಪ್ಪಿನ ಭಾರವನ್ನು ಹೊತ್ತು ನೋಡಿದವರಲ್ಲವಾದದರಿಂದ ಹಿರಿಯರಿಗೆ ಬುದ್ಧಿ ಹೇಳುವದಕ್ಕೆ ನಾಚುತ್ತೇವೆ. ಬಿನ್ನಹವಾಗಿ ಇಷ್ಟು ಮಾತ್ರ ಹೇಳುತ್ತೇವೆ. ಹಿರಿಯರೇ, ನಿಮ್ಮ ಕೈಯಲ್ಲಿರುವ ಬೀಗದ ಕೈಯನ್ನು ಸಾವು ಬಂದು ಬಿಚ್ಚುವ ತನಕ ಹಿಡಿದುಕೊಂಡಿರಬೇಡಿರಿ. ಕಣ್ಣು ಕಾಣುತ್ತಿರುವಾಗಲೇ ಮಗನಿಗೆ ಹೊಲದ ಮೇರೆಯನ್ನು ತೋರಿಸಿರಿ. ಸಭೆಯ ಹುಡುಗನಿಗೆ ಪಾಠ ಓದುವದಕ್ಕೂ ಪ್ರಾರ್ಥನೆ ಮಾಡುವದಕ್ಕೂ ಸ್ಥಳ ಕೊಡಿರಿ. ಅವನು ತಡವರಿಸಿದರೆ ನೀವು ಹಿಂದೆ ಕುಳಿತಿರುವಿರಿ. ನೀವು ಹೋದ ಮೇಲೆ ತಡವರಿಸಿದರೆ ಅವನ ಹಿಂದೆ ಯಾರಿರುವರು?

ಆದರೆ ಹಿರಿಯರಿಗೆ ಇದನ್ನು ಹೇಳಿದ ಸಭೆಯು ತನ್ನ ಸಾಲವನ್ನೂ ತೀರಿಸಬೇಕು. ಮೊದಲನೆಯದಾಗಿ, ಕೆಲಸವನ್ನು ಒಪ್ಪಿಸಿದವನಿಂದ ಗೌರವವನ್ನು ಕಿತ್ತುಕೊಳ್ಳಬಾರದು. ನಿನ್ನೆ ಮುಂದಿನ ಬೆಂಚಿನಲ್ಲಿ ಕುಳಿತಿದ್ದವನಿಗೆ ಇಂದು ಯಾರೂ ಚಾಪೆ ಹಾಸದಿದ್ದರೆ, ನಾವು ಮನುಷ್ಯನನ್ನಲ್ಲ, ಅವನ ಉಪಯೋಗವನ್ನೇ ಗೌರವಿಸುತ್ತಿದ್ದೆವೆಂದಾಯಿತು. ಎರಡನೆಯದಾಗಿ, ಮುದುಕರನ್ನು ನಮ್ಮ ಅನುಕೂಲಕ್ಕಾಗಿ ಸಾಗಿಸಬಾರದು. ಅವರು ಎಲ್ಲಿರಬೇಕೆಂದು ಅವರನ್ನು ಕೇಳಬೇಕು. ಕೇಳಿದ ಮೇಲೆ ಕೊಡಲಾಗದಿದ್ದರೆ ಅದರ ದುಃಖದಲ್ಲಿ ಪಾಲುಗಾರರಾಗಬೇಕು. ಮೂರನೆಯದಾಗಿ, ಹೆಂಡತಿಯನ್ನು ಮರೆಯಬಾರದು. ಉಪದೇಶಿಯ ಹೆಸರು ದಾಖಲೆಯಲ್ಲಿದೆ. ಅವನ ಹೆಂಡತಿಯು ಬಡಿಸಿದ ಗಂಜಿ, ಕಾದ ರಾತ್ರಿ, ಸೂಲಗಿತ್ತಿಯ ಜತೆಯಲ್ಲಿ ಕುಳಿತ ಮನೆಗಳು ಯಾವ ದಾಖಲೆಯಲ್ಲಿಯೂ ಇಲ್ಲ. ಗಂಡನು ತೀರಿದ ಮರುದಿನದಿಂದ ಅವಳು ಸಭೆಗೆ ಯಾರೂ ಅಲ್ಲದವಳಾಗುವದು ದೇವರ ಮುಂದೆ ದೊಡ್ಡ ಅನ್ಯಾಯ. ಅಕ್ವಿಲನ ಹೆಸರನ್ನು ಹೇಳುವಾಗ ಪ್ರಿಸ್ಕಿಲ್ಲಳ ಹೆಸರನ್ನು ಬಿಡದೆ ಹೇಳಿದ ಪೌಲನಿಂದ ನಾವು ಕಲಿಯಬೇಕು.

ಹೀಗಿರಲಾಗಿ, ಹೋಗುವದಕ್ಕೆ ಕರೆ ಇದ್ದ ಹಾಗೆ ಬಿಡುವದಕ್ಕೂ ಕರೆ ಉಂಟೆಂದು ನಾವು ನಂಬುತ್ತೇವೆ. ಮೊದಲನೆಯ ಕರೆಯು ಎಲ್ಲರಿಗೂ ಬರುವದಿಲ್ಲ. ಕೆಲವರು ಮಾತ್ರ ಹಡಗು ಹತ್ತುತ್ತಾರೆ. ಎರಡನೆಯದು ಒಬ್ಬರನ್ನೂ ಬಿಡುವದಿಲ್ಲ. ದೂರದೇಶಕ್ಕೆ ಹೋಗದ ಒಕ್ಕಲಿಗನಿಗೂ, ಮನೆಯ ಹೊಸ್ತಿಲು ದಾಟದ ಅಜ್ಜಿಗೂ ಒಂದು ದಿನ, ಇದುವರೆಗೆ ನಿನ್ನ ಕೈಯಲ್ಲಿದ್ದದ್ದನ್ನು ಈಗ ಕೊಡು, ಎಂಬ ಮಾತು ಕೇಳಬರುವದು. ಅಂದು ಕೊಡುವದಕ್ಕೆ ಶಕ್ತರಾಗಬೇಕಾದರೆ ಇಂದೇ ಸ್ವಲ್ಪಸ್ವಲ್ಪವಾಗಿ ಕೊಡುವದನ್ನು ಕಲಿತಿರಬೇಕು. ಭೋಜನಕ್ಕೆ ಬರುವವರನ್ನು ಕಾಣದೆ ಪಾತ್ರೆ ತರಿಸಿದ ಆ ಅಮ್ಮನವರು, ತಾವು ಕಾಣದ ಸುಗ್ಗಿಗಾಗಿ ಹೊಲವನ್ನು ಬಿಟ್ಟುಬಂದರು. ಎರಡೂ ಒಂದೇ ನಂಬಿಕೆಯಿಂದಾದವು. ಅಂಥಾ ನಂಬಿಕೆಯನ್ನು ಕರ್ತನು ನಮ್ಮ ಹಿರಿಯರಿಗೂ, ಅವರ ಕೈಯಿಂದ ತೆಗೆದುಕೊಳ್ಳುವ ನಮಗೂ ಅನುಗ್ರಹಿಸಲಿ.